ಹೊಸ ಬೈಕ್ ಇಷ್ಟು ಚೆನ್ನಾಗಿರುವಾಗ ಹಳೇ ಯೆಜ್ಡಿ ಯಾಕೆ?

ಮೈಸೂರಿನಲ್ಲಿ ಹಳೇ ಜಾವಾ, ಯೆಜ್ಡಿ ಓಡಿಸುವವರಿಗೆ ಪೆಟ್ರೋಲ್ ಬಂಕಿನಲ್ಲಿ, ಸಿಗ್ನಲ್‌ನಲ್ಲಿ ಎರಡು ಪ್ರಶ್ನೆ ಬಂದೇ ಬರುತ್ತವೆ. ಮೊದಲನೆಯದು, 'ಅಣ್ಣ, ಮಾರ್ತೀರಾ?' ಅದಕ್ಕೆ ತಲೆ ಅಲ್ಲಾಡಿಸಿದರೆ ಸಾಕು. ಎರಡನೆಯದು, 'ಬಟನ್ ಒತ್ತಿದ್ರೆ ಸ್ಟಾರ್ಟ್ ಆಗೋ ಬೈಕ್‌ಗಳಿವೆ, ಎಬಿಎಸ್ ಇದೆ, ಮೈಲೇಜ್ ಇದೆ. ಇದರಲ್ಲಿ ಅಂಥದ್ದೇನಿದೆ?' ಇದಕ್ಕೆ ಸಿಗ್ನಲ್ ಬಿಡುವಷ್ಟರಲ್ಲಿ ಉತ್ತರ ಹೇಳಿ ಮುಗಿಸೋಕಾಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಅಳತೆಗೆ ಸಿಗುವ ಎಲ್ಲದರಲ್ಲೂ ಹೊಸದೇ ಮೇಲು. ಯೆಜ್ಡಿ ರೋಡ್‌ಕಿಂಗ್‌ನ 248.5 ಸಿಸಿ ಎಂಜಿನ್ 4,750 ಆರ್‌ಪಿಎಂನಲ್ಲಿ ಕೊಡುವುದು 16 ಅಶ್ವಶಕ್ತಿ. 2018ರ ನವೆಂಬರ್‌ನಲ್ಲಿ ಮತ್ತೆ ಮಾರುಕಟ್ಟೆಗೆ ಬಂದ ಜಾವಾಕ್ಕೆ 293 ಸಿಸಿ ಲಿಕ್ವಿಡ್ ಕೂಲ್ಡ್ ಎಂಜಿನ್, 27 ಅಶ್ವಶಕ್ತಿ. ಹಳೇ ಜಾವಾದ ಮುಂದಿನ ಬ್ರೇಕು 160 ಮಿ.ಮೀ. ಡ್ರಮ್, ಹೊಸದರದ್ದು 280 ಮಿ.ಮೀ. ಡಿಸ್ಕ್, ಜೊತೆಗೆ ಎಬಿಎಸ್. ಮೈಲೇಜ್ ವಿಷಯದಲ್ಲಿ ಹಳೆಯದು ಲೀಟರಿಗೆ 25ರಿಂದ 30 ಕಿ.ಮೀ. ಕೊಟ್ಟರೆ ಎಂಜಿನ್ ಚೆನ್ನಾಗಿದೆ ಎಂದು ಅರ್ಥ. ದಿನಾ ಆಫೀಸಿಗೆ ಹೋಗಿ ಬರಲು ಒಂದೇ ಗಾಡಿ ಬೇಕು ಅನ್ನುವವರು ಹೊಸದನ್ನೇ ಕೊಳ್ಳಲಿ. ಅದರಲ್ಲಿ ಎರಡು ಮಾತಿಲ್ಲ.

ಆದರೂ ಹಳೆಯದನ್ನು ಓಡಿಸುವ ಸುಖ ಬೇರೆ. ಹೊಸ ಬೈಕಿನಲ್ಲಿ ಎಷ್ಟು ಪೆಟ್ರೋಲ್ ಹೋಗಬೇಕು, ಕಿಡಿ ಯಾವಾಗ ಬರಬೇಕು ಅನ್ನುವುದನ್ನು ಸೆನ್ಸರ್‌ಗಳನ್ನು ಕೇಳಿಕೊಂಡು ಇಸಿಯು ಅನ್ನುವ ಪುಟ್ಟ ಕಂಪ್ಯೂಟರ್ ತೀರ್ಮಾನಿಸುತ್ತದೆ. ಯೆಜ್ಡಿಯಲ್ಲಿ ಆ ತೀರ್ಮಾನ ನಮ್ಮದು. ಆಯಿಲ್ ಎಷ್ಟು, ಗಾಳಿ ಎಷ್ಟು, ಕಿಡಿ ಯಾವಾಗ, ಎಲ್ಲವನ್ನೂ ಕೈಯಿಂದಲೇ ಹೊಂದಿಸಬೇಕು. ಹೊಂದಿಸಿದ್ದು ಸರಿಯಾ ತಪ್ಪಾ ಅಂತ ಎಂಜಿನ್ ಸದ್ದಿನಲ್ಲಿ, ಬಿಸಿಯಲ್ಲಿ, ಹೊಗೆಯ ವಾಸನೆಯಲ್ಲಿ ಹೇಳುತ್ತದೆ. ಅದನ್ನು ಓದುವುದು ಬಂದರೆ ಹದಿನಾರು ಅಶ್ವಶಕ್ತಿ ಎಲ್ಲೂ ಕಮ್ಮಿ ಅನ್ನಿಸುವುದಿಲ್ಲ.

ಮೈಸೂರಿನವರಿಗೆ ಇನ್ನೊಂದು ಕಾರಣವೂ ಇದೆ. ಈ ಗಾಡಿಗಳು ಹುಟ್ಟಿದ್ದು ನಮ್ಮ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್ ಉದ್ಘಾಟಿಸಿದ ಕಾರ್ಖಾನೆ ಅದು. 1961ರಿಂದ ಜೆಕ್ ಕಂಪನಿಯ ಪರವಾನಗಿಯಲ್ಲಿ ಜಾವಾ, ಎಪ್ಪತ್ತರ ದಶಕದ ನಡುವಿನಿಂದ 1996ರಲ್ಲಿ ಬಾಗಿಲು ಹಾಕುವವರೆಗೆ ಯೆಜ್ಡಿ. ಹೊಸ ಜಾವಾ ತಯಾರಾಗುವುದು ಮಧ್ಯಪ್ರದೇಶದ ಪೀತಾಂಪುರದಲ್ಲಿ.

ಈಗ ಕೆಲಸದ ಮಾತಿಗೆ ಬರೋಣ. ಇದು ಟೂ ಸ್ಟ್ರೋಕ್ ಎಂಜಿನ್. ಪಿಸ್ಟನ್, ಕ್ರ್ಯಾಂಕ್ ಬೇರಿಂಗ್‌ಗಳಿಗೆ ಬೇರೆ ಆಯಿಲ್ ಪಂಪ್ ಇಲ್ಲ. ಪೆಟ್ರೋಲ್ ಜೊತೆ ಬೆರೆತು ಬರುವ 2ಟಿ ಆಯಿಲೇ ಅವುಗಳ ಜೀವ. ಲೀಟರಿಗೆ 40 ಮಿ.ಲೀ., ಅಂದರೆ 1:25. ಹೊಸದಾಗಿ ಬೋರ್ ಮಾಡಿಸಿದ (ಸವೆದ ಸಿಲಿಂಡರ್ ಕೊರೆಸಿ ದೊಡ್ಡ ಪಿಸ್ಟನ್ ಹಾಕಿಸಿದ) ಎಂಜಿನ್ನಿಗೆ ರನ್ನಿಂಗ್-ಇನ್, ಅಂದರೆ ಹದಕ್ಕೆ ಬರುವ ಮೊದಲ ಓಟ, ಮುಗಿಯುವವರೆಗೆ 50 ಮಿ.ಲೀ. ಬಂಕಿನಲ್ಲಿ ಮೊದಲು ಆಯಿಲ್ ಸುರಿದು ಅದರ ಮೇಲೆ ಪೆಟ್ರೋಲ್ ಹಾಕಿಸಿದರೆ ಬೀಳುವ ರಭಸಕ್ಕೆ ತಾನೇ ಬೆರೆಯುತ್ತದೆ. ಟ್ಯಾಂಕ್ ತುಂಬಿದ ಮೇಲೆ ಆಯಿಲ್ ಸುರಿದರೆ ಅದು ತಳಕ್ಕೆ ಇಳಿದು ಕಾಕ್ (ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿ) ಬಾಯಲ್ಲಿ ಕೂರುತ್ತದೆ. ಆಗ ಮೊದಲ ಕಿಲೋಮೀಟರುಗಳಲ್ಲಿ ಹೊಗೆಯೋ ಹೊಗೆ, ಪ್ಲಗ್ ಒದ್ದೆ, ಆಮೇಲೆ ಆಯಿಲ್ ಕಮ್ಮಿಯಾದ ಪೆಟ್ರೋಲ್. ಸಂಶಯದಿಂದ ಜಾಸ್ತಿ ಆಯಿಲ್ ಹಾಕುವವರಿಗೂ ಒಂದು ಮಾತು: ಆಯಿಲ್ ಹೆಚ್ಚಾದಷ್ಟೂ ಕಾರ್ಬ್ಯುರೇಟರಿನ ಅದೇ ಜೆಟ್ಟಿನಲ್ಲಿ (ಪೆಟ್ರೋಲ್ ಹಾಯುವ ಸಣ್ಣ ತೂತಿನಲ್ಲಿ) ಹೋಗುವ ಪೆಟ್ರೋಲ್ ಕಮ್ಮಿಯಾಗುತ್ತದೆ, ಸೈಲೆನ್ಸರ್‌ನಲ್ಲಿ ಇಂಗಾಲ ಕಟ್ಟುತ್ತದೆ, ಪಿಕಪ್ ಸಾಯುತ್ತದೆ. ಸೈಲೆನ್ಸರ್ ಒಳಗಿನ ಬ್ಯಾಫಲ್ (ಸದ್ದು ತಗ್ಗಿಸುವ ಕೊಳವೆ) ಬಿಚ್ಚಿ ಹೊರಗೆ ತೆಗೆಯಬಹುದು. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ ತೆಗೆದು ಕೆರೆದು ಹಾಕಬೇಕು. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್ ಇರುವುದರಿಂದ ಎರಡನ್ನೂ.

ಸ್ಟಾರ್ಟ್ ಮಾಡುವುದರಲ್ಲೇ ಅರ್ಧ ಸುಖ ಇದೆ. ಕಿಕ್ಕರ್ ಮತ್ತು ಗೇರ್ ಲಿವರ್ ಎರಡೂ ಒಂದೇ, ಎಡಗಡೆ. ಕಾಕ್ ತೆರೆದು, ಕಾರ್ಬ್ಯುರೇಟರ್ ಮೇಲಿನ ಟಿಕ್ಲರ್ (ಹೆಚ್ಚುವರಿ ಪೆಟ್ರೋಲ್ ಬಿಡುವ ಸಣ್ಣ ಗುಂಡಿ) ಒತ್ತಿ ಹಿಡಿದು, ಬೆರಳಿಗೆ ಪೆಟ್ರೋಲ್ ತಾಗಿದ ಕೂಡಲೇ ಬಿಡಬೇಕು. ಲಿವರನ್ನು ಒಳಕ್ಕೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಆಕ್ಸಿಲರೇಟರ್ ಮುಚ್ಚಿಟ್ಟು ಒಂದು ನಿಧಾನದ ಕಿಕ್, ಆಮೇಲೆ ಒಂದು ಜೋರಿನ ಕಿಕ್. ಸ್ಟಾರ್ಟ್ ಆದ ಮೇಲೆ ಲಿವರನ್ನು ಮುಂದಕ್ಕೆ ತಂದು ಕೂರಿಸಿದರೆ ಮತ್ತೆ ಗೇರ್. ಎಂಜಿನ್ ಬಿಸಿ ಇದ್ದಾಗ ಟಿಕ್ಲರ್ ಮುಟ್ಟಲೇಬಾರದು. ಮುಟ್ಟಿದರೆ ಓವರ್‌ಫ್ಲೋ ಆಗಿ ಹತ್ತು ಸಲ ಹೊಡೆದರೂ ಕೇಳುವುದಿಲ್ಲ. ಕಾಕ್ ಮುಚ್ಚಿ, ಆಕ್ಸಿಲರೇಟರ್ ಪೂರ್ತಿ ತೆರೆದು ಹೊಡೆದರೆ ಒಳಗಿನದು ಒಣಗಿ ಎದ್ದೇಳುತ್ತದೆ.

ಕ್ಲಚ್ಚಿನ ಉಪಾಯವಂತೂ ಇವತ್ತಿಗೂ ಬೆರಗು ಹುಟ್ಟಿಸುತ್ತದೆ. ಗೇರ್ ಲಿವರನ್ನು ಕಾಲಿನಿಂದ ಒತ್ತಿದಾಗ ಮೊದಲು ಒಂದು ಕ್ಯಾಮ್ ಕ್ಲಚ್ ಬಿಡಿಸುತ್ತದೆ, ಆಮೇಲೆ ಗೇರ್ ಬೀಳುತ್ತದೆ. ಹಾಗಾಗಿ ಕೈ ಕ್ಲಚ್ ಹಿಡಿಯದೆ ಗೇರ್ ಬದಲಾಯಿಸಬಹುದು. ನಿಂತಲ್ಲಿಂದ ಹೊರಡುವಾಗಲೂ ಲಿವರನ್ನು ಕಾಲಲ್ಲೇ ಒತ್ತಿ ಹಿಡಿದು, ಆಕ್ಸಿಲರೇಟರ್ ಕೊಡುತ್ತಾ ಕಾಲನ್ನು ನಿಧಾನಕ್ಕೆ ಸಡಿಲಿಸಿದರೆ ಗಾಡಿ ನೈಸಾಗಿ ಸರಿಯುತ್ತದೆ. ಹೊಸಬರು ಲಿವರನ್ನು ಒದ್ದು ಬಿಡುತ್ತಾರೆ. ಆಗ ಕ್ಲಚ್ ಒಮ್ಮೆಲೇ ಹಿಡಿದು ಗಾಡಿ ಜಿಗಿಯುತ್ತದೆ. ಕೈ ಲಿವರಿನಲ್ಲಿ 2–3 ಮಿ.ಮೀ. ಸಡಿಲ ಇರಲೇಬೇಕು. ಇಲ್ಲದಿದ್ದರೆ ಪ್ಲೇಟುಗಳು ಪೂರ್ತಿ ಒತ್ತಿಕೊಳ್ಳದೆ ಏರಿನಲ್ಲಿ ಜಾರುತ್ತವೆ. ಸಡಿಲ ಜಾಸ್ತಿಯಾದರೆ ನ್ಯೂಟ್ರಲ್ ಸಿಗುವುದಿಲ್ಲ.

ಇದನ್ನೆಲ್ಲ ಕೂಡಿಸಿ ನೋಡಬೇಕೆಂದರೆ ಶ್ರೀರಂಗಪಟ್ಟಣ, ಪಾಂಡವಪುರ ದಾಟಿ ಜಕ್ಕನಹಳ್ಳಿ ಮೇಲೆ ಮೇಲುಕೋಟೆಗೆ ಹೋಗಬೇಕು. (ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್‌ಗಳಿಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ಗತಿ. ಈ ಗಾಡಿಗಳಿಗೆ ಅದೇ ಒಳ್ಳೆಯದು.) ನಾಲೆ ಪಕ್ಕದ ಸಮತಟ್ಟು ರಸ್ತೆಯಲ್ಲಿ ಆಕ್ಸಿಲರೇಟರ್ ಸ್ವಲ್ಪವೇ ತೆರೆದಿದ್ದಾಗ ಎಂಜಿನ್ ಪ್ರತಿ ಸುತ್ತಿನಲ್ಲೂ ಅಲ್ಲ, ಒಂದು ಸುತ್ತು ಬಿಟ್ಟು ಒಂದು ಸುತ್ತಿನಲ್ಲಿ ಹೊಡೆಯುತ್ತದೆ. ಆ ತೊದಲುವ ಡುಗ್ ಡುಗ್ ಸದ್ದನ್ನು ಕೇಳಿ ಮಿಸ್ಸಿಂಗ್ ಅಂದುಕೊಂಡು ಗ್ಯಾರೇಜಿಗೆ ಹೋಗುವವರಿದ್ದಾರೆ. ಅದು ರೋಗವಲ್ಲ. ಕಮ್ಮಿ ಆಕ್ಸಿಲರೇಟರಿನಲ್ಲಿ ಸುಟ್ಟ ಹೊಗೆ ಸಿಲಿಂಡರಿನಲ್ಲೇ ಸ್ವಲ್ಪ ಉಳಿದು, ಹೊಸ ಮಿಶ್ರಣ ಪ್ರತಿ ಸುತ್ತಿಗೂ ಹೊತ್ತಿಕೊಳ್ಳುವುದಿಲ್ಲ, ಅಷ್ಟೇ. ಕೈ ತಿರುಗಿಸಿದ ಕ್ಷಣವೇ ತೊದಲು ನಿಂತು ಸದ್ದು ಒಂದೇ ಎಳೆಯಾಗುತ್ತದೆ, ಸೀಟಿನಡಿ ಎಳೆತ ಗೊತ್ತಾಗುತ್ತದೆ. ಮೇಲುಕೋಟೆ ಏರಿನಲ್ಲಿ ಮೂರನೇ ಗೇರಿನ ಸದ್ದು ಭಾರವಾಗುತ್ತಾ ಬರುತ್ತದೆ. ಪೂರ್ತಿ ಕುಸಿಯುವ ಮೊದಲೇ, ಕಾಲಿನಿಂದ ಎರಡಕ್ಕೆ ಇಳಿಸಬೇಕು. ಒಂದು ಗಳಿಗೆ ತಡವಾದರೆ ತಿರುವಿನ ನಡುವೆ ಗಾಡಿ ಉಸಿರು ಕಟ್ಟುತ್ತದೆ. 27 ಅಶ್ವಶಕ್ತಿಯ ಗಾಡಿಯಲ್ಲಿ ಈ ಏರು ಬಂದದ್ದೂ ಗೊತ್ತಾಗುವುದಿಲ್ಲ. ಇಲ್ಲಿ ಪ್ರತಿ ತಿರುವಿಗೂ ಒಂದು ನಿರ್ಧಾರ, ಅದು ಸರಿಹೋದಾಗ ಸಿಗುವ ಖುಷಿಯೇ ನನ್ನ ಉತ್ತರ.

ಇಳಿಜಾರಿನಲ್ಲಿ ಮಾತ್ರ ಎಚ್ಚರ. ಚಾಮುಂಡಿ ಬೆಟ್ಟ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಮುಚ್ಚಿ, ಕೆಳಗಿನ ಗೇರಿನಲ್ಲೇ ಬಹಳ ಹೊತ್ತು ಬಿಟ್ಟರೆ ಪಿಸ್ಟನ್ ಜೋರಾಗಿ ಓಡುತ್ತಿರುತ್ತದೆ, ಪೆಟ್ರೋಲ್ ಮಾತ್ರ ಬರುತ್ತಿರುವುದಿಲ್ಲ. ಪೆಟ್ರೋಲ್ ಬರದಿದ್ದರೆ ಆಯಿಲೂ ಇಲ್ಲ. ಆಗಾಗ ಕ್ಲಚ್ ಹಿಡಿದು ಒಂದೆರಡು ಸಲ ಆಕ್ಸಿಲರೇಟರ್ ಕೊಡಿ. ಟೂ ಸ್ಟ್ರೋಕ್‌ಗೆ ಎಂಜಿನ್ ಬ್ರೇಕಿಂಗೂ ಕಮ್ಮಿ. ಎಲ್ಲ ಭಾರ ಡ್ರಮ್ಮುಗಳ ಮೇಲೆ ಬಿದ್ದು, ಬಿಸಿಯಾಗಿ, ಹಿಡಿತ ಸಡಿಲವಾಗುತ್ತದೆ. ಬ್ರೇಕ್ ಒತ್ತಿಯೇ ಇಡುವುದಕ್ಕಿಂತ ತಿರುವಿಗೆ ಮುಂಚೆ ಗಟ್ಟಿಯಾಗಿ ಹಿಡಿದು ಪೂರ್ತಿ ಬಿಡುವುದು ಒಳ್ಳೆಯದು.

ಪಾಯಿಂಟ್ಸ್ (ತೆರೆದುಕೊಂಡಾಗ ಕಿಡಿ ಹುಟ್ಟಿಸುವ ಪುಟ್ಟ ಸ್ವಿಚ್ಚು) ಇರುವ ಗಾಡಿಗಳಲ್ಲಿ ನೂರಕ್ಕೆ ಎಂಬತ್ತು ತೊಂದರೆ ಕಿಡಿಯದ್ದೇ ಅನ್ನುವುದು ಮೆಕ್ಯಾನಿಕ್‌ಗಳ ಮಾತು. ಲೆಕ್ಕ ಹಾಕಿದವರಿಲ್ಲ, ಆದರೆ ಆ ಮಾತನ್ನು ನಂಬಿ ಅಲ್ಲಿಂದಲೇ ಶುರುಮಾಡಿ. ಪ್ಲಗ್ ಗ್ಯಾಪ್ 0.6 ಮಿ.ಮೀ., ಪಾಯಿಂಟ್ಸ್ ಪೂರ್ತಿ ತೆರೆದಾಗ ಗ್ಯಾಪ್ 0.4 ಮಿ.ಮೀ. ಫೀಲರ್ ಗೇಜ್ ಇಟ್ಟೇ ನೋಡಬೇಕು, ಕಣ್ಣಂದಾಜು ಬೇಡ. ಗ್ಯಾಪ್ ಸರಿಯಾದ ಮೇಲೆಯೇ ಟೈಮಿಂಗ್, ಅಂದರೆ ಕಿಡಿ ಬರುವ ಗಳಿಗೆ. ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಡಯಲ್ ಗೇಜ್ ಇಟ್ಟು ಪಿಸ್ಟನ್ ತುತ್ತತುದಿಗೆ ಬಂದ ಜಾಗ ಹಿಡಿದುಕೊಳ್ಳಿ. ಅಲ್ಲಿಂದ ಎಂಜಿನ್ನನ್ನು ಹಿಂದಕ್ಕೆ ತಿರುಗಿಸಿ ಪಿಸ್ಟನ್ ಸುಮಾರು 3 ಮಿ.ಮೀ. ಕೆಳಗಿಳಿಸಿದಾಗ (ಮಾಡೆಲ್‌ನಿಂದ ಮಾಡೆಲ್‌ಗೆ ಅಲ್ಪಸ್ವಲ್ಪ ವ್ಯತ್ಯಾಸ ಉಂಟು, ಮ್ಯಾನ್ಯುಯಲ್ ನೋಡಿ) ಪಾಯಿಂಟ್ಸ್ ಆಗಷ್ಟೇ ಬಿಡಬೇಕು. ನಡುವೆ ತೆಳ್ಳನೆಯ ಕಾಗದ ಸಿಕ್ಕಿಸಿ ಎಳೆದರೆ, ಬಿಡುವ ಗಳಿಗೆಯಲ್ಲಿ ಅದು ಜಾರಿ ಬರುತ್ತದೆ. ಕಿಡಿ ಮುಂಚೆ ಬಂದರೆ ಕಿಕ್ಕರ್ ವಾಪಸ್ ಹೊಡೆಯುತ್ತದೆ, ಏರಿನಲ್ಲಿ ಟಣಟಣ ಅನ್ನುತ್ತದೆ, ಹಾಗೇ ಓಡಿಸಿದರೆ ಪಿಸ್ಟನ್ ತಲೆ ತೂತಾಗುತ್ತದೆ. ತಡವಾದರೆ ಎಳೆತ ಇಲ್ಲ, ಬೆಂಡ್ ಪೈಪ್ ವಿಪರೀತ ಕಾಯುತ್ತದೆ. ಪಾಯಿಂಟ್ಸ್‌ನ ಹಿಮ್ಮಡಿ (ಕ್ಯಾಮ್ ಮೇಲೆ ಉಜ್ಜುವ ಭಾಗ) ಸವೆದಂತೆ ಗ್ಯಾಪ್ ಕಿರಿದಾಗಿ ಕಿಡಿ ತಾನಾಗೇ ತಡವಾಗುತ್ತಾ ಹೋಗುತ್ತದೆ. ಆದ್ದರಿಂದಲೇ ಈ ಕೆಲಸ ಒಂದು ಸಲಕ್ಕೆ ಮುಗಿಯುವುದಿಲ್ಲ. ತಣ್ಣಗಿದ್ದಾಗ ಚೆನ್ನಾಗಿ ಓಡಿ, ಕಾದ ಮೇಲೆ ನಿಂತು, ಅರ್ಧ ಗಂಟೆ ಬಿಟ್ಟು ಮತ್ತೆ ಸ್ಟಾರ್ಟ್ ಆದರೆ ಮೊದಲು ಕಂಡೆನ್ಸರ್, ಆಮೇಲೆ ಕಾಯಿಲ್ ಬದಲಾಯಿಸಿ ನೋಡಿ. ಎಲ್ಲ ಹೊಂದಿದಾಗ ಪ್ಲಗ್ ತುದಿ ಕಾಫಿಪುಡಿ ಬಣ್ಣಕ್ಕೆ ಬರುತ್ತದೆ. ಬೆಳ್ಳಗಿದ್ದರೆ ಪೆಟ್ರೋಲ್ ಕಮ್ಮಿ ಅಥವಾ ಎಲ್ಲೋ ಗಾಳಿ ಸೇರುತ್ತಿದೆ. ಕರ್ರಗೆ ಒದ್ದೆಯಾಗಿದ್ದರೆ ಪೆಟ್ರೋಲ್ ಅಥವಾ ಆಯಿಲ್ ಜಾಸ್ತಿ.

ಗಾಳಿ ಸೇರುವುದು ಎಂದಾಗ ಕ್ರ್ಯಾಂಕ್ ಸೀಲ್‌ಗಳ (ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಬಳೆಗಳ) ವಿಷಯ ಹೇಳಲೇಬೇಕು. ಹಳೇ ಗಾಡಿಯನ್ನು ವರ್ಷಗಟ್ಟಲೆ ನಿಲ್ಲಿಸಿದರೆ ರಬ್ಬರ್ ಗಟ್ಟಿಯಾಗಿ ಇವು ಮೊದಲು ಹೋಗುತ್ತವೆ. ಎಡಗಡೆ, ಅಂದರೆ ಕ್ಲಚ್ ಕಡೆಯ ಸೀಲ್ ಹೋದರೆ ಗೇರ್‌ಬಾಕ್ಸ್ ಆಯಿಲ್ ಎಂಜಿನ್ನಿಗೆ ಎಳೆದುಕೊಂಡು ಬಂದು ದಟ್ಟ ಬಿಳಿ ಹೊಗೆ ಬರುತ್ತದೆ, ಹೊರಗೆ ಎಲ್ಲೂ ಸೋರದೆ ಆಯಿಲ್ ಇಳಿಯುತ್ತದೆ. ಗೇರ್‌ಬಾಕ್ಸಿಗೆ ಹಾಕುವುದೇ ಒಂದು ಲೀಟರ್. ಇಳಿದರೆ ಬೇಗ ಗೊತ್ತಾಗುತ್ತದೆ. ಬಲಗಡೆಯದು, ಡೈನಮೋ ಕಡೆಯದು, ಹೆಚ್ಚು ಅಪಾಯ. ಅಲ್ಲಿ ಹೊಗೆಯ ಗುರುತು ಸಿಗುವುದಿಲ್ಲ. ಗಾಳಿ ಸೇರಿ ಮಿಶ್ರಣ ತೆಳುವಾಗುತ್ತದೆ, ಐಡ್ಲಿಂಗ್ ತಾನಾಗೇ ಏರುತ್ತದೆ, ಜೋರಾಗಿ ಹೋಗುತ್ತಿರುವಾಗ ಪಿಸ್ಟನ್ ಜಾಮ್ ಆಗುತ್ತದೆ. ಆಕ್ಸಿಲರೇಟರ್ ಕೊಟ್ಟರೂ ಯಾರೋ ಹಿಂದಿನಿಂದ ಹಿಡಿದಂತೆ ಗಾಡಿ ಬಿಗಿಯಾದರೆ ಯೋಚಿಸುತ್ತಾ ಕೂರಬೇಡಿ, ತಕ್ಷಣ ಕ್ಲಚ್ ಹಿಡಿದು ಪಕ್ಕಕ್ಕೆ ಬನ್ನಿ. ಹಿಂದಿನ ಚಕ್ರ ಲಾಕ್ ಆದರೆ ಬೀಳುವುದು ಖಂಡಿತ. ಈ ಗಾಡಿ ಓಡಿಸುವವರ ಎರಡು ಬೆರಳು ಯಾವಾಗಲೂ ಕ್ಲಚ್ ಮೇಲಿರುವುದು ಇದಕ್ಕೇ.

ಬೋರ್ ಮಾಡಿಸುವಾಗ ಪಿಸ್ಟನ್ ಮೊದಲು ಕೊಂಡು, ಅದನ್ನು ಅಳೆದು ಸಿಲಿಂಡರ್ ಬೋರ್ ಮಾಡಿಸಿ. ಸ್ಟ್ಯಾಂಡರ್ಡ್ 65 ಮಿ.ಮೀ., ಮುಂದಿನ ಸೈಜುಗಳು 0.25ರ ಲೆಕ್ಕದಲ್ಲಿ. ಲೇತ್‌ನವರು ಅನೇಕ ಸಲ ಮರೆಯುವುದು ಪೋರ್ಟ್‌ಗಳ (ಸಿಲಿಂಡರ್ ಗೋಡೆಯ ಕಿಂಡಿಗಳ) ಅಂಚು ಮೊಂಡು ಮಾಡುವುದನ್ನು. ಚೂಪಾಗಿ ಬಿಟ್ಟರೆ ರಿಂಗ್ ಅದಕ್ಕೆ ಸಿಕ್ಕಿ ಮುರಿಯುತ್ತದೆ.

ಈಗಿನ ಪೆಟ್ರೋಲಿನಲ್ಲಿರುವ 20% ಎಥೆನಾಲ್ ಕಾರ್ಬ್ಯುರೇಟರ್ ಗಾಡಿಗಳಿಗೆ ಹೊಸ ತಲೆನೋವು. ಹೊಸ ಬೈಕ್ ಸೆನ್ಸರ್ ನೋಡಿ ತಾನೇ ಸರಿಮಾಡಿಕೊಳ್ಳುತ್ತದೆ. ಇಲ್ಲಿ ಜೆಟ್ ಬದಲಾಗುವುದಿಲ್ಲ, ಹಾಗಾಗಿ ಮಿಶ್ರಣ ತೆಳುವಾಗುತ್ತದೆ. ಪ್ಲಗ್ ಬೆಳ್ಳಗಾಗುತ್ತಿದ್ದರೆ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಿ. ಎಥೆನಾಲ್ ನೀರನ್ನೂ ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಂತೂ ಇನ್ನೂ ಹೆಚ್ಚು. ಎರಡು ವಾರಕ್ಕಿಂತ ಜಾಸ್ತಿ ನಿಲ್ಲಿಸುವುದಾದರೆ ಕಾಕ್ ಮುಚ್ಚಿ, ಎಂಜಿನ್ ತಾನಾಗೇ ನಿಲ್ಲುವವರೆಗೆ ಓಡಿಸಿ ಕಾರ್ಬ್ಯುರೇಟರ್ ಖಾಲಿ ಮಾಡಿ. ಕಾಕ್‌ನೊಳಗಿನ ಬೂಚು, ಪೆಟ್ರೋಲ್ ಪೈಪ್ ಎರಡನ್ನೂ ಕಣ್ಣಿಟ್ಟು ನೋಡುತ್ತಿರಬೇಕು.

ರಾತ್ರಿ ಓಡಿಸುವುದನ್ನು ಕಮ್ಮಿ ಮಾಡಿ. 6 ವೋಲ್ಟಿನ ಹಳೇ ಜಾವಾ ದೀಪದಲ್ಲಿ ಹಂಪ್ ಕಾಣುವುದು ಅದರ ಮೇಲೆ ಹತ್ತುವಾಗ. ಮಂಡ್ಯ ಕಡೆ ಕಬ್ಬು ಕಡಿಯುವ ಕಾಲದಲ್ಲಿ ಹಿಂದೆ ದೀಪವೇ ಇಲ್ಲದ ಟ್ರ್ಯಾಕ್ಟರ್ ಟ್ರೈಲರ್‌ಗಳು ಸಾಲುಗಟ್ಟಿ ಹೋಗುತ್ತಿರುತ್ತವೆ. ಆ ಡ್ರಮ್ ಬ್ರೇಕ್ ನಂಬಿಕೊಂಡು ಅವುಗಳ ಹಿಂದೆ ಹೋಗುವುದು ಧೈರ್ಯವಲ್ಲ.

ಇಷ್ಟು ಓದಿಯೂ ಆಸೆ ಉಳಿದವರಿಗೆ ನನ್ನ ಸಲಹೆ: ಮೊದಲ ಗಾಡಿಯಾಗಿ ಹಳೇ ಜಾವಾಕ್ಕಿಂತ 12 ವೋಲ್ಟಿನ ರೋಡ್‌ಕಿಂಗ್ ಹುಡುಕಿ. ದೀಪ ವಾಸಿ, ಎಳೆತ ಜಾಸ್ತಿ. ಕೊನೆಕೊನೆಯ ಸಿಡಿಐ (ಎಲೆಕ್ಟ್ರಾನಿಕ್ ಇಗ್ನಿಷನ್) ಮಾಡೆಲ್ ಸಿಕ್ಕರೆ ಪಾಯಿಂಟ್ಸ್ ಗೋಜೂ ಇಲ್ಲ. ಬಣ್ಣ, ಕ್ರೋಮ್ ನೋಡಿ ಮರುಳಾಗಬೇಡಿ. ತಣ್ಣಗಿರುವಾಗ ನೀವೇ ಕಿಕ್ ಹೊಡೆದು ನೋಡಿ, ಹತ್ತು ಕಿಲೋಮೀಟರ್ ಓಡಿಸಿ ಬಿಸಿಯಲ್ಲಿ ಮತ್ತೆ ಹೊಡೆದು ನೋಡಿ. ಎಂಜಿನ್ ನಂಬರ್, ಚಾಸಿಸ್ ನಂಬರ್ ಎರಡನ್ನೂ ಆರ್‌ಸಿ ಜೊತೆ ತಾಳೆ ಮಾಡಿ. ಆರ್‌ಸಿ ಆಮೇಲೆ ಕೊಡ್ತೀನಿ ಅನ್ನುವವರ ಹತ್ತಿರ ಕೊಳ್ಳಬೇಡಿ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಗಳಿಗೆ 2021ರ ನಿಯಮದ ಪ್ರಕಾರ ವಿಂಟೇಜ್ ನೋಂದಣಿ ಸಿಗುತ್ತದೆ, ಶುಲ್ಕ 20,000 ರೂಪಾಯಿ. ಆದರೆ ಆ ನಂಬರ್ ಪ್ಲೇಟ್ ಹಾಕಿಸಿಕೊಂಡರೆ ರ‍್ಯಾಲಿ, ಪ್ರದರ್ಶನ, ರಿಪೇರಿಯಂಥ ಕೆಲಸಗಳಿಗಷ್ಟೇ ರಸ್ತೆಗಿಳಿಸಬಹುದು. ಓಡಿಸಲೆಂದೇ ಕೊಳ್ಳುವವರು ಇರುವ ಆರ್‌ಸಿಯನ್ನೇ ಐದೈದು ವರ್ಷಕ್ಕೆ ರಿನೀವಲ್ ಮಾಡಿಸಿಕೊಂಡು ಹೋಗುವುದು ಸರಿ.