ಯಾವ ಕ್ಯಾಮೆರಾ ಕೊಳ್ಳಲಿ ಎಂದು ಕೇಳುವವರಿಗೆ

ಹಾಸನದಲ್ಲಿ ಸ್ಟುಡಿಯೊ ನಡೆಸುವ ನನ್ನ ಬಳಿಗೆ ಪದವಿ ಮುಗಿಸಿದ ಹುಡುಗ ಹುಡುಗಿಯರು ಬಂದು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಸರ್, ಫೋಟೊಗ್ರಫಿಯನ್ನೇ ವೃತ್ತಿ ಮಾಡಿಕೊಳ್ಳಬೇಕೆಂದಿದ್ದೇನೆ, ಯಾವ ಕ್ಯಾಮೆರಾ ಕೊಳ್ಳಲಿ?’ ಸಾಲ ಮಾಡಿ ಕ್ಯಾಮೆರಾ ಕೊಳ್ಳುವ ಮೊದಲು ಅನುಭವವುಳ್ಳ ಛಾಯಾಗ್ರಾಹಕರೊಬ್ಬರ ಕೈಕೆಳಗೆ ಒಂದು ಮದುವೆ ಸೀಸನ್ ಪೂರ್ತಿ ಸಹಾಯಕರಾಗಿ ದುಡಿಯಿರಿ ಎಂಬುದು ನನ್ನ ಉತ್ತರ. ಇದನ್ನು ಕೇಳಿ ಹಲವರ ಮುಖ ಸಪ್ಪಗಾಗುತ್ತದೆ. ಆದರೆ ನಮ್ಮಂಥ ಊರುಗಳಲ್ಲಿ ಹೊಸಬರ ಕೈಗೆ ಕಾಸು ತರುವುದು ಮದುವೆ, ಗೃಹಪ್ರವೇಶ, ನಾಮಕರಣಗಳೇ ಹೊರತು ಮುಳ್ಳಯ್ಯನಗಿರಿಯ ಸೂರ್ಯೋದಯವಲ್ಲ.

ಸಹಾಯಕರಾಗಿ ನಿಂತು ಕಲಿಯುವುದೇನು ಎಂದು ತಿಳಿಯಲು ಅಂತರಪಟ ಸರಿಯುವ ಗಳಿಗೆಯನ್ನೇ ನೋಡಿ. ಬಿಳಿಯ ಬಟ್ಟೆ, ವರನ ಬಿಳಿ ಪಂಚೆ, ಅಂಗವಸ್ತ್ರಗಳು ಚೌಕಟ್ಟನ್ನು ತುಂಬಿಕೊಂಡಾಗ ಕ್ಯಾಮೆರಾದೊಳಗಿನ ಬೆಳಕು ಅಳೆಯುವ ಮೀಟರ್ ದೃಶ್ಯದಲ್ಲಿ ಬೆಳಕು ಹೆಚ್ಚಾಗಿದೆ ಎಂದು ಲೆಕ್ಕ ಹಾಕಿ ಎಕ್ಸ್‌ಪೋಶರನ್ನು, ಅಂದರೆ ಚಿತ್ರಕ್ಕೆ ಒಳಬಿಡುವ ಬೆಳಕನ್ನು, ತಗ್ಗಿಸುತ್ತದೆ. ಬಟ್ಟೆ ಬೂದು ಬಣ್ಣಕ್ಕೆ ತಿರುಗಿ, ವಧೂವರರ ಮುಖಗಳು ಕಪ್ಪಿಡುತ್ತವೆ. ಬಲ್ಲವರು ಕ್ಯಾಮೆರಾದ ಆಟೊ ಮೋಡ್ ಬಿಟ್ಟು, ಮುಖದ ಮೇಲಿನ ಬೆಳಕಿಗೆ ಮೊದಲೇ ಹೊಂದಿಸಿಕೊಂಡಿರುತ್ತಾರೆ. ಮಂಟಪದ ಹಳದಿ ಬಲ್ಬು, ಛತ್ರದ ಟ್ಯೂಬ್‌ಲೈಟ್, ವಿಡಿಯೊದವರ ಎಲ್‌ಇಡಿ ಮೂರೂ ಒಂದೇ ಮುಖದ ಮೇಲೆ ಬಿದ್ದರೆ ಚರ್ಮದ ಬಣ್ಣ ಏನಾಗುತ್ತದೆ, ಫ್ಲ್ಯಾಶನ್ನು ಬಿಳಿ ಸೂರಿಗೆ ಹೊಡೆದು ಮೃದುವಾಗಿಸುವ ಉಪಾಯ ಕೆಂಪು ಶಾಮಿಯಾನದ ಕೆಳಗೆ ಏಕೆ ಕೈಕೊಡುತ್ತದೆ ಎಂಬುದೂ ಅಲ್ಲೇ ಗೊತ್ತಾಗುತ್ತದೆ. ಗಟ್ಟಿಮೇಳ ಶುರುವಾದೊಡನೆ ಅಕ್ಷತೆ ಹಿಡಿದ ನೆಂಟರೆಲ್ಲ ಎದ್ದು ಮುನ್ನುಗ್ಗುತ್ತಾರೆ, ಈಗಂತೂ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇರುತ್ತದೆ. ಆ ಹೊತ್ತಿಗೆ ಎಲ್ಲಿ ನಿಂತಿರಬೇಕೆಂದು ಪುರೋಹಿತರ ಬಳಿ ವಿನಯದಿಂದ ಕೇಳಿಟ್ಟುಕೊಂಡವರಿಗೆ ಮಾತ್ರ ಮಾಂಗಲ್ಯಧಾರಣೆಯ ಚಿತ್ರ ದಕ್ಕುತ್ತದೆ.

ಕ್ಯಾಮೆರಾದ ವಿಷಯ ಇಷ್ಟೇ. ಒಂದೇ ಚಿತ್ರವನ್ನು ಎರಡು ಮೆಮೊರಿ ಕಾರ್ಡ್‌ಗಳಲ್ಲೂ ಉಳಿಸುವ, ಸುಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಬಾಡಿ (ಲೆನ್ಸ್ ಇಲ್ಲದ ಬರಿಯ ಕ್ಯಾಮೆರಾ), ಕಡಿಮೆ ಬೆಳಕಿನಲ್ಲೂ ಒದಗುವ 50 ಮಿ.ಮೀ. ಎಫ್ 1.8 ಲೆನ್ಸ್, ಒಂದು ಫ್ಲ್ಯಾಶ್ ಇದ್ದರೆ ಆರಂಭಕ್ಕೆ ಸಾಕು. ದೊಡ್ಡ ಲೆನ್ಸ್‌ಗಳು ದಿನದ ಬಾಡಿಗೆಗೆ ಸಿಗುತ್ತವೆ.

ಆಷಾಢ ಬಂತೆಂದರೆ ಮದುವೆ ನಿಂತು, ಮಳೆ ಹಿಡಿಯುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆಯವರು ಲೆನ್ಸನ್ನು ಚೀಲದಲ್ಲೇ ಬಿಟ್ಟರೆ ಗಾಜಿನ ಒಳಮೈಯಲ್ಲಿ ಜೇಡರ ಬಲೆಯಂಥ ಬೂಷ್ಟು ಹಬ್ಬುತ್ತದೆ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗೆ ಒಂದು ತೇವಮಾಪಕವನ್ನೂ ಇಟ್ಟು, ತೇವಾಂಶ ಶೇ 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳಬೇಕು. ಮದುವೆಯಿಲ್ಲದ ತಿಂಗಳುಗಳಲ್ಲಿ ಹೋಂಸ್ಟೇಗಳ ಕೆಲಸವನ್ನು ಕೇಳಿ ಪಡೆಯಬಹುದು. ಮಳೆಗಾಲದ ತೋಟವನ್ನೇ ನೋಡಲು ಬರುವವರು ಸಾಕಷ್ಟಿದ್ದಾರೆ. ಕಾಫಿ ಹೂವಿನ ಚಿತ್ರ ಬೇಕೆಂದವರಿಗೆ ಗಿಡಗಳನ್ನು ಅರಳಿಸುವ ಬೇಸಿಗೆಯ ಮಳೆ, ಅಂದರೆ ಹೂಮಳೆ, ಬಿದ್ದು ವಾರ, ಹತ್ತು ದಿನದ ಹೊತ್ತಿಗೆ ಸಿದ್ಧರಾಗಿರಬೇಕು, ಏಕೆಂದರೆ ಆ ಬಿಳುಪು ಎರಡು ಮೂರು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ.

ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಅಲ್ಲಿ ಪ್ರೀ ವೆಡ್ಡಿಂಗ್ ಮಾಡಿಸುವ ಆಸೆಯೂ ಹೆಚ್ಚಿದಂತಿದೆ. ಟ್ರೈಪಾಡ್ ಹೂಡುವುದಕ್ಕೂ ವಾಣಿಜ್ಯ ಚಿತ್ರೀಕರಣಕ್ಕೂ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಅನುಮತಿ ಬೇಕೆಂಬುದನ್ನು ಜೋಡಿಗೆ ಮೊದಲೇ ತಿಳಿಸಿ, ಅನುಮತಿ ಸಿಕ್ಕ ಮೇಲೆ ದಿನ ಗೊತ್ತುಮಾಡುವುದು ಲೇಸು.

ಇನ್ನು ಹೊಸಬರು ಕೇಳದಿದ್ದರೂ ನಾನು ಹೇಳಿಯೇ ಕಳಿಸುವ ಮಾತೊಂದಿದೆ. ‘ಫೋಟೊ ತೆಗೆದವನು ನಾನು, ಹಕ್ಕು ನನ್ನದೇ’ ಎಂದು ಬಹಳ ಮಂದಿ ನಂಬಿದ್ದಾರೆ. 1957ರ ಕೃತಿಸ್ವಾಮ್ಯ ಕಾಯ್ದೆಯ 17ನೇ ಕಲಮಿನ ಪ್ರಕಾರ, ಬೇರೆ ಒಪ್ಪಂದವಿಲ್ಲದಿದ್ದರೆ, ಹಣ ಕೊಟ್ಟು ತೆಗೆಸಿದವರೇ ಆ ಚಿತ್ರದ ಮೊದಲ ಒಡೆಯರು. ವಧುವಿನ ಚಿತ್ರವನ್ನು ನಿಮ್ಮ ಇನ್‌ಸ್ಟಾಗ್ರಾಂ ಪುಟಕ್ಕೆ ಹಾಕಿಕೊಳ್ಳಲು ಒಪ್ಪಿಗೆಯಿದೆಯೇ ಎಂಬುದನ್ನು, ಎಷ್ಟು ಮುಂಗಡ, ಎಷ್ಟು ಗಂಟೆಯ ಕೆಲಸ, ಆಲ್ಬಮ್ಮಿಗೆ ಎಷ್ಟು ಹಾಳೆ, ಫೈಲುಗಳನ್ನು ಎಷ್ಟು ಕಾಲ ಕಾಪಿಡುತ್ತೀರಿ ಎಂಬ ವಿವರಗಳೊಂದಿಗೆ ಒಂದೇ ಹಾಳೆಯಲ್ಲಿ ಕನ್ನಡದಲ್ಲೇ ಬರೆದು, ಮುಂಗಡ ಪಡೆಯುವಾಗಲೇ ಇಬ್ಬರೂ ಸಹಿ ಹಾಕಿರಿ.