ಅಜ್ಜನ ಬೆರಳಲ್ಲಿ ಲಗಾಮು

ಕೊಪ್ಪಳ, 19 ಅಕ್ಟೋಬರ್ 2025, ಭಾನುವಾರ ರಾತ್ರಿ

ಹಂಪಿ ಎಕ್ಸ್‌ಪ್ರೆಸ್ ಇಳಿದು ಮನೆಗೆ ಬರುವಾಗಲೇ ಎಡ ಭುಜದ ನೋವಿನ ವಿಷಯ ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದ್ದೆ. ಸಂಜೆ ನೀರು ತುಂಬುವ ಹಬ್ಬಕ್ಕೆ ಹಂಡೆ ತಿಕ್ಕಲು ಕುಳಿತಾಗ ನಾನು ಬಲಗೈಯೊಂದನ್ನೇ ಬಳಸುತ್ತಿರುವುದು ಅವ್ವನ ಕಣ್ಣಿಗೆ ಬಿತ್ತು. ಗುಟ್ಟು ಅಲ್ಲಿಗೇ ಮುಗಿಯಿತು.

ಗುರುವಾರದ ಅಭ್ಯಾಸದಲ್ಲಿ ನಾನು ಕುದುರೆಯಿಂದ ಬಿದ್ದೆ. ಮೊದಲ ಅಡ್ಡಪಟ್ಟಿಯನ್ನು ನನ್ನ ಕುದುರೆ ವಿಕ್ರಮ ಸರಾಗವಾಗಿ ಹಾರಿದ್ದ. ಆದರೆ ಹಾರುವ ಕ್ಷಣದಲ್ಲಿ ಕುದುರೆ ಕತ್ತನ್ನು ಮುಂದಕ್ಕೆ ಚಾಚುತ್ತದೆ, ಸವಾರನ ಕೈ ಅದರ ಹಿಂದೆಯೇ ಹೋಗಬೇಕು. ನಾನು ಸಮತೋಲ ತಪ್ಪಿ ಲಗಾಮಿಗೇ ಜೋತುಬಿದ್ದೆ. ಅವನು ತಲೆ ಕೊಡವಿದ. ಎರಡನೆಯ ಪಟ್ಟಿಯ ಮುಂದೆ ನಾಲ್ಕೂ ಕಾಲೂರಿ ನಿಂತುಬಿಟ್ಟ, ನಾನು ಅವನ ಹೆಗಲ ಮೇಲಿಂದ ಮುಂದಕ್ಕೆ ಉರುಳಿದೆ. ಪಟ್ಟಿ ಬಿದ್ದರೆ ನಾಲ್ಕು ದಂಡಾಂಕ, ಅಷ್ಟನ್ನು ಹೇಗಾದರೂ ತುಂಬಿಕೊಳ್ಳಬಹುದು. ಸವಾರ ಬಿದ್ದರೆ ಸ್ಪರ್ಧೆಯಿಂದಲೇ ಹೊರಗೆ. ದೆಹಲಿಯ ಗಣರಾಜ್ಯೋತ್ಸವ ಶಿಬಿರಕ್ಕೆ ನಮ್ಮ ಎನ್‌ಸಿಸಿ ಕುದುರೆ ತಂಡದಿಂದ ಆಯ್ಕೆ ನಡೆಯುವುದು ಮುಂದಿನ ತಿಂಗಳು.

"ಹುಡುಗ್ರ ಜೋಡಿ ಕುದುರಿ ಓಡ್ಸೂದು ಬ್ಯಾಡಂತ ನಾ ಮೊದ್ಲ ಹೇಳಿದ್ದೆ," ಎಂದಳು ಅವ್ವ. ಗಂಡು ಹೆಣ್ಣೆಂಬ ಭೇದವಿಲ್ಲದೆ ಒಂದೇ ಪಟ್ಟಿಯಲ್ಲಿ ಸ್ಪರ್ಧಿಸುವ ಆಟವಿದು ಎಂದು ನಾನು ವಿವರಿಸಿದೆ. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದ ಡ್ರೆಸಾಜ್ (ಸವಾರನ ಸನ್ನೆಗೆ ತಕ್ಕಂತೆ ಕುದುರೆ ಹೆಜ್ಜೆ ಹಾಕುವ ಆಟ) ತಂಡ ಸ್ಪರ್ಧೆಯಲ್ಲಿ ಭಾರತ ಚಿನ್ನ ಗೆದ್ದಿತು, ಕುದುರೆ ಸವಾರಿಯಲ್ಲಿ ನಮಗೆ ಏಷ್ಯನ್ ಚಿನ್ನ ಬಂದದ್ದು 41 ವರ್ಷಗಳ ಬಳಿಕ, ಆ ನಾಲ್ವರಲ್ಲಿ ಸುದೀಪ್ತಿ ಹಜೇಲಾ ಮತ್ತು ದಿವ್ಯಕೃತಿ ಸಿಂಗ್ ಇಬ್ಬರು ಹುಡುಗಿಯರು ಎಂದೂ ಹೇಳಿದೆ. ಅವ್ವ ಹುಣಸೆಹಣ್ಣು ಹಚ್ಚಿ ಹಂಡೆ ತಿಕ್ಕುತ್ತಲೇ ಕೇಳಿಸಿಕೊಂಡಳು. ಬಹಳ ಹೊತ್ತಿನ ಮೇಲೆ, "ಆ ಹುಡುಗ್ಯಾರು ಬಿದ್ದಾಗ ಅವರವ್ವಗ ಹೆಂಗಾಗಿತ್ತೋ," ಎಂದಷ್ಟೇ ಅಂದಳು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ.

ಊಟವಾದ ಮೇಲೆ ಅಜ್ಜ ಕಟ್ಟೆಗೆ ಕರೆದ. ಆಟೋಗಳು ಬರುವವರೆಗೂ ಕೊಪ್ಪಳ ಸ್ಟೇಷನ್ನಿನ ಮುಂದೆ ಟಾಂಗಾ ನಿಲ್ಲಿಸಿ, ಗವಿಮಠದ ಜಾತ್ರೆಗೆ ಬಂದವರನ್ನು ಕರೆದೊಯ್ದು ಮನೆ ನಡೆಸಿದವನು ಅವನು. ನಾನು ಕುದುರೆ ತಂಡ ಸೇರಿದಾಗ ಮನೆಯಲ್ಲಿ ಸಂತೋಷಪಟ್ಟವನು ಅವನೊಬ್ಬನೇ. ಮೊದಲ ಕೆಲವು ವಾರ ನಮ್ಮನ್ನು ಕುದುರೆ ಏರಲು ಬಿಡದೆ ಲದ್ದಿ ಎತ್ತುವುದು, ಮೈ ಉಜ್ಜುವುದು, ಗೊರಸು ಕೆರೆಯುವುದು ಇಷ್ಟನ್ನೇ ಮಾಡಿಸುತ್ತಿದ್ದಾರೆಂದು ನಾನು ಫೋನಿನಲ್ಲಿ ದೂರಿದಾಗ, ಹಾಗಾದರೆ ಕಲಿಸುವವರು ತಿಳಿದವರೇ ಇದ್ದಾರೆ ಎಂದಿದ್ದ. 2021ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಫವಾದ್ ಮಿರ್ಜಾ ಡ್ರೆಸಾಜ್, ಬಯಲೋಟ, ಅಡೆತಡೆ ಜಿಗಿತ ಮೂರೂ ಸೇರಿದ ಈವೆಂಟಿಂಗ್‌ನ ಫೈನಲ್ ತಲುಪಿ 23ನೆಯವರಾದದ್ದನ್ನು ನಾವಿಬ್ಬರೂ ಒಟ್ಟಿಗೆ ಟಿವಿಯಲ್ಲಿ ನೋಡಿದ್ದೆವು. ನಾನು ಕುದುರೆಯ ಎತ್ತರಕ್ಕೆ ಬೆರಗಾಗಿದ್ದರೆ ಅಜ್ಜ ಸವಾರನ ಕೈಯನ್ನೇ ನೋಡುತ್ತಿದ್ದ. ಅದು ಇಂದು ನೆನಪಾಯಿತು.

ಅವನು ಹೆಗಲ ಮೇಲಿನ ಟವೆಲನ್ನು ಹುರಿಹೊಸೆದು, ಎರಡು ತುದಿಗಳನ್ನು ನನ್ನ ಕೈಗಿತ್ತು, ನಡುಭಾಗವನ್ನು ತನ್ನ ತೋರುಬೆರಳುಗಳಿಗೆ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿದ. "ನಾ ಕುದುರಿ. ನೀ ಓಡ್ಸು." ನಾನು ಹಿಡಿದೆ. ಅವನ ಬೆರಳು ನಡಿಗೆಯ ಲಯದಲ್ಲಿ ಹಿಂದಕ್ಕೆ ಮುಂದಕ್ಕೆ ಆಡತೊಡಗಿತು, ನನ್ನ ಕೈಯೂ ಅದರೊಂದಿಗೆ ಹೋಗುತ್ತಿದೆ ಎಂದೇ ಭಾವಿಸಿದ್ದೆ. ಆಗ ಅವನು ಒಮ್ಮೆಲೇ ಬೆರಳನ್ನು ಮುಂದಕ್ಕೆ ಚಾಚಿದ. ನನ್ನ ಮುಷ್ಟಿ ತಾನಾಗಿಯೇ ಬಿಗಿಯಿತು. ಟವೆಲು ಅವನ ಸುಕ್ಕುಗಟ್ಟಿದ ಬೆರಳ ಗೆಣ್ಣಿನಲ್ಲಿ ಒತ್ತಿ, ಅಲ್ಲಿ ಬಿಳಿಯ ಗೆರೆಯೊಂದು ಮೂಡಿತು. "ನೋಡಿದ್ಯೇನವ್ವ? ಇಲ್ಲಿ ತೊಗಲೈತಿ. ಅದರ ಬಾಯಾಗ ಏನೈತಿ?"

ಏನಿದೆಯೆಂದು ನನಗೆ ಗೊತ್ತು. ಬಾಚಿಹಲ್ಲುಗಳಿಗೂ ದವಡೆ ಹಲ್ಲುಗಳಿಗೂ ನಡುವೆ ಹಲ್ಲಿಲ್ಲದ ಜಾಗವೊಂದಿದ್ದು, ಕಡಿವಾಣ ಕೂರುವುದು ಅಲ್ಲಿಯೇ, ಅಲ್ಲಿ ಎಲುಬಿನ ಮೇಲೆ ತೆಳ್ಳನೆಯ ವಸಡು ಮಾತ್ರ ಎಂದು ಪರೀಕ್ಷೆಯಲ್ಲಿ ಚಿತ್ರ ಸಹಿತ ಬರೆದಿದ್ದೇನೆ. ಗುರುವಾರ ಅದೇ ವಸಡಿನ ಮೇಲೆ ನನ್ನ ಇಡೀ ಮೈಭಾರವನ್ನು ಹೇರಿದ್ದೆ ಎಂಬುದು ಅಜ್ಜನ ಬೆರಳು ನೋಡುವವರೆಗೆ ನನಗೆ ಹೊಳೆದಿರಲಿಲ್ಲ. ನನಗೆ ಅಳು ಬಂತು. ಇನ್ನೊಮ್ಮೆ, ಮತ್ತೊಮ್ಮೆ ಎಂದು ಹತ್ತಾರು ಬಾರಿ ಮಾಡಿದೆವು. ಮೊಣಕೈ ಸಡಿಲ ಬಿಟ್ಟರೆ ಮಾತ್ರ ಕೈ ತಾನಾಗಿ ಹೋಗುತ್ತದೆ, ಬೆರಳಿಗೆ ಎಷ್ಟು ಹೇಳಿದರೂ ಪ್ರಯೋಜನವಿಲ್ಲ.

ಅಮೆರಿಕದ ಕಾಲೇಜುಗಳ ಸವಾರರಿಗೆ 1967ರಲ್ಲಿ ಶುರುವಾದ ಸಂಘವೊಂದಿದೆ, ಅದರ ಸ್ಪರ್ಧೆಗಳಲ್ಲಿ ಯಾರೂ ಸ್ವಂತ ಕುದುರೆ ತರುವಂತಿಲ್ಲ, ಚೀಟಿ ಎತ್ತಿ ಬಂದ ಅಪರಿಚಿತ ಕುದುರೆಯನ್ನು ಅಭ್ಯಾಸವಿಲ್ಲದೆ ನೇರವಾಗಿ ಏರಬೇಕು ಎಂದು ಅಜ್ಜನಿಗೆ ಹೇಳಿದೆ. ಸಿರಿವಂತರ ಆಟವನ್ನು ಕುದುರೆಯಿಲ್ಲದವರಿಗೂ ತೆರೆದ ಈ ಏರ್ಪಾಡು ನನಗೆ ಬಹಳ ಇಷ್ಟ. ಎನ್‌ಸಿಸಿ ಇರದಿದ್ದರೆ ಟಾಂಗಾ ಹೊಡೆದವನ ಮೊಮ್ಮಗಳಿಗೆ ಜೀನಿನ ಮೇಲೆ ಕೂರುವ ಅವಕಾಶ ಎಲ್ಲಿತ್ತು? ಅಜ್ಜ ಮಾತ್ರ ಬೇರೆಯೇ ಯೋಚಿಸುತ್ತಿದ್ದ. ಅವನ ಟಾಂಗಾದ ಕುದುರೆ ತಾರಾ ಕೂಡ ಒಂದು ಮಳೆಗಾಲದಲ್ಲಿ ಇದ್ದಕ್ಕಿದ್ದಂತೆ ತಲೆ ಕೊಡವಲು ಶುರುಮಾಡಿ, ಹುರುಳಿಯನ್ನು ಅರ್ಧ ಅಗಿದು ಉಗುಳುತ್ತಿದ್ದಳಂತೆ. ಚಾವಟಿಯಿಂದ ಎರಡು ಬಿಗಿದ ಮೇಲೆ ಬಾಯಿ ತೆರೆಸಿ ನೋಡಿದೆ ಎಂದು ಹೇಳಿ ಸುಮ್ಮನಾದ. ಆ ಎರಡು ಏಟು ಇವತ್ತಿಗೂ ಅವನ ಮನಸ್ಸಿನಲ್ಲಿವೆ ಎಂದು ಅವನ ಮುಖ ನೋಡಿದರೇ ತಿಳಿಯುತ್ತಿತ್ತು.

"ನಿನ್ನ ಕುದುರಿ ಬಾಯಿ ತೆಗೆಸಿ ನೋಡಿಯೇನು?"

ನೋಡಿಲ್ಲ. ಕುದುರೆಯ ಮೇಲ್ದವಡೆ ಹಲ್ಲುಗಳ ಹೊರ ಅಂಚು ಚೂಪಾಗಿ ಬೆಳೆದು ಕೆನ್ನೆಯ ಒಳಭಾಗವನ್ನು ಕೊಯ್ಯುತ್ತದೆ, ಅರದಿಂದ ಉಜ್ಜಿ ಸಮ ಮಾಡಬೇಕು ಎಂದು ಓದಿದವಳು ನಾನು. ವಿಕ್ರಮ ತಲೆ ಕೊಡವಿದ್ದು ನನ್ನ ಕೈಯ ಬಿಗಿಗೇ ಇರಬಹುದು. ಆದರೂ ಬುಧವಾರ ಪಾಡ್ಯ ಮುಗಿಸಿಕೊಂಡು ರಾತ್ರಿಯ ಗಾಡಿಗೆ ಹೊರಟರೆ ಗುರುವಾರ ಬೆಳಿಗ್ಗೆಯೇ ಲಾಯದಲ್ಲಿರುತ್ತೇನೆ, ಜೀನು ಬಿಗಿಯುವ ಮೊದಲು ನಮಗೆ ಕಲಿಸುವ ಸರ್ ಅವರನ್ನು ಕೇಳಿ ಬಾಯಿ ತೆರೆಸಿ, ಟಾರ್ಚು ಹಿಡಿದು ಎಡಗಡೆಯ ಕೆನ್ನೆಯನ್ನು ಮೊದಲು, ಏಕೆಂದರೆ ಅವನು ತಲೆ ಕೊಡವಿದ್ದು ಎಡಕ್ಕೇ