ಎಲ್ ಸೆಂಟ್ರೋದ ಮದುವೆ ಪತ್ರ

ಎಡಗಡೆ ಕ್ಯಾಲಿಫೋರ್ನಿಯಾದ ಸಾಲ್ಟನ್ ಸರೋವರ ಹೊಳೆಯುತ್ತಿತ್ತು. ದೂರದಿಂದ ನೋಡಲು ಚೆಂದ. ಕಾರಿನ ಕಿಟಕಿ ಇಳಿಸಿದ ಕೂಡಲೇ ಕೊಳೆತ ವಾಸನೆ ಮೂಗಿಗೆ ಬಡಿಯಿತು. ಗೆಳತಿ ನಗುತ್ತಾ ಕಿಟಕಿ ಏರಿಸಿದಳು. 1905ರಲ್ಲಿ ಕೊಲೊರಾಡೊ ನದಿ ಕಾಲುವೆ ಒಡೆದುಕೊಂಡು ಈ ತಗ್ಗಿಗೆ ನುಗ್ಗಿತಂತೆ. 1907ರಲ್ಲಿ ತಡೆಯುವಷ್ಟರಲ್ಲಿ ಇಷ್ಟು ದೊಡ್ಡ ಕೆರೆಯೇ ಆಗಿಹೋಗಿತ್ತು. ಅದೇ ವರ್ಷ ಸ್ಯಾನ್ ಡಿಯಾಗೊ ಕೌಂಟಿಯನ್ನು ಒಡೆದು ಇಂಪೀರಿಯಲ್ ಕೌಂಟಿ ಮಾಡಿದರು. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದಹಾಗೆ. ನಾವು ಹೊರಟಿದ್ದು ಆ ಕೌಂಟಿಯ ಮುಖ್ಯ ಊರು ಎಲ್ ಸೆಂಟ್ರೋಗೆ, ಒಂದು ಮದುವೆ ಪತ್ರ ಹುಡುಕಿಕೊಂಡು.

ಮದುವೆ ನನ್ನದಲ್ಲ, ಅವಳದ್ದೂ ಅಲ್ಲ. ಅವಳ ಅಜ್ಜಿಯ ಅಪ್ಪ ಅಮ್ಮನದು.

ಶುರುವಾಗಿದ್ದು ರಾಜ್ಯದ ರಾಜಧಾನಿ ಸ್ಯಾಕ್ರಮೆಂಟೋದ ನಮ್ಮ ಆಫೀಸಿನಲ್ಲಿ. ಒಂದು ದಿನ ಊಟದ ಹೊತ್ತಲ್ಲಿ ಅವಳು ಹಳೇ ಫೋಟೋ ಒಂದನ್ನು ನನ್ನ ಮುಂದೆ ಇಟ್ಟಳು. ಹ್ಯಾಟು ಹಾಕಿದ ಗಂಡಸು, ಪಕ್ಕದಲ್ಲಿ ಮೆಕ್ಸಿಕನ್ ಹೆಂಗಸು. ಹಿಂಬದಿಯಲ್ಲಿ ಶಾಯಿಯಲ್ಲಿ ಏನೋ ಬರೆದಿತ್ತು. "ನೀನು ಇಂಡಿಯಾದವಳಲ್ವಾ, ಇದನ್ನು ಓದು" ಅಂದಳು. ನಮ್ಮೆಲ್ಲರದೂ ಒಂದೇ ಲಿಪಿ ಅಂತ ಅವಳ ನಂಬಿಕೆ. ಇದು ಕನ್ನಡ ಅಲ್ಲ, ಹಿಂದಿಯೂ ಅಲ್ಲ ಅನ್ನುವಷ್ಟು ಮಾತ್ರ ನನಗೆ ಗೊತ್ತಾಯಿತು. ಇನ್ನೊಂದು ವಿಭಾಗದಲ್ಲಿದ್ದ ಪಂಜಾಬಿ ಹುಡುಗನನ್ನು ಕರೆದೆವು. ಅವನು ನೋಡಿದ ತಕ್ಷಣ ಗುರುಮುಖಿ, ನಮ್ಮ ಪಂಜಾಬಿ ಲಿಪಿ ಅಂದ. ಸಹಿ ಅದು. ಕೊನೆಯಲ್ಲಿ ಸಿಂಗ್.

ಸಿಂಗ್‌ಗೆ ಮುಂಚಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಅದು ಅವರ ಮನೆಯವರ ವಿಷಯ.

ಮುತ್ತಜ್ಜ 'ಹಿಂದೂ' ಅಂತ ಮನೆಯಲ್ಲಿ ಹೇಳುತ್ತಿದ್ದರಂತೆ. ಆಗಿನ ಅಮೆರಿಕದಲ್ಲಿ ಆ ಮಾತಿಗೆ ಧರ್ಮದ ಅರ್ಥ ಇರಲಿಲ್ಲ. ಇಂಡಿಯಾದಿಂದ ಬಂದವರೆಲ್ಲ, ಸಿಖ್ ಆಗಲಿ ಮುಸ್ಲಿಂ ಆಗಲಿ, ಹಿಂದೂ. 1920ರಿಂದ 1940ರ ತನಕ ಜನಗಣತಿಯಲ್ಲೇ ಅದೊಂದು ಜನಾಂಗ. ಗಣತಿ ಹಾಳೆಗಳು 72 ವರ್ಷ ಆದಮೇಲೆ ಬಿಡುಗಡೆ ಆಗುತ್ತವೆ, ಹಾಗಾಗಿ ಅವನ್ನು ಮನೆಯಲ್ಲೇ ಕೂತು ನೋಡಿದೆವು. 1930ರ ಹಾಳೆಯಲ್ಲಿ ಗಂಡ 'ಹಿಂದೂ', ಹೆಂಡತಿ 'ಮೆಕ್ಸಿಕನ್', ಮಕ್ಕಳು ಅಪ್ಪನ ಲೆಕ್ಕದಲ್ಲಿ 'ಹಿಂದೂ'. ಮೆಕ್ಸಿಕನ್ನರನ್ನು ಬೇರೆ ಜನಾಂಗ ಅಂತ ಎಣಿಸಿದ್ದು ಆ ಒಂದು ಸಲ. 1940ರಲ್ಲಿ ಅದೇ ಹೆಂಗಸು 'ಬಿಳಿ'. ಹತ್ತು ವರ್ಷದಲ್ಲಿ ಅವರು ಬದಲಾಗಿರಲಿಲ್ಲ, ಕಾಲಂ ಬದಲಾಗಿತ್ತು ಅಷ್ಟೇ.

ಇಷ್ಟಾದಮೇಲೆ ನಾವು ಮಾಡಿದ್ದು ದಡ್ಡತನ. ಊರಲ್ಲೇ ರಾಜ್ಯದ ಪತ್ರಾಗಾರ ಇದೆಯಲ್ಲ, ಮದುವೆ ಪತ್ರ ಅಲ್ಲೇ ಇರುತ್ತೆ ಅಂದುಕೊಂಡು ಓ ಸ್ಟ್ರೀಟಿನ ಕ್ಯಾಲಿಫೋರ್ನಿಯಾ ಸ್ಟೇಟ್ ಆರ್ಕೈವ್ಸ್‌ಗೆ ಹೋದೆವು. ಕ್ಯಾಲಿಫೋರ್ನಿಯಾಕ್ಕೂ ಈ ಪತ್ರಾಗಾರಕ್ಕೂ ಒಂದೇ ವಯಸ್ಸು, ಎರಡೂ 1850ರವು. ಬ್ಯಾಗು ಲಾಕರಿನಲ್ಲಿ, ಕೈಯಲ್ಲಿ ಪೆನ್ಸಿಲ್ ಮಾತ್ರ. ಪೆನ್ನು ನಿಷೇಧ. ಮೇಜಿನ ಹಿಂದಿದ್ದ ಮಹಿಳೆ ನಮ್ಮ ಕಥೆ ಪೂರ್ತಿ ಕೇಳಿದರು. ಆಮೇಲೆ ಮೆಲ್ಲಗೆ, ಹುಟ್ಟು, ಮದುವೆ, ಸಾವಿನ ಪತ್ರಗಳು ಇಲ್ಲಿರುವುದಿಲ್ಲ, ಅದು ಆಯಾ ಕೌಂಟಿಯ ರೆಕಾರ್ಡರ್, ಅಂದರೆ ದಾಖಲೆ ಇಡುವ ಅಧಿಕಾರಿಯ ಕೆಲಸ ಅಂದರು. ಇಲ್ಲಿರುವುದು ರಾಜ್ಯ ಸರ್ಕಾರದ ಕಾಗದ: ಶಾಸನಸಭೆಯ ಕಡತ, ಸ್ಯಾನ್ ಕ್ವೆಂಟಿನ್ ಮತ್ತು ಫೋಲ್ಸಮ್ ಜೈಲಿನ ಪುಸ್ತಕ, ರಾಜ್ಯದ ಸುಪ್ರೀಂ ಕೋರ್ಟ್ ಕೇಸುಗಳು. "ನಿಮ್ಮ ಮುತ್ತಜ್ಜ ಜೈಲಿಗೆ ಹೋಗಿದ್ದರೆ ನಾನು ಸಹಾಯ ಮಾಡಬಹುದಿತ್ತು" ಅಂದಾಗ ಗೆಳತಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ.

ಹತ್ತಿರದಲ್ಲೇ ಇರುವ ಸ್ಟೇಟ್ ಲೈಬ್ರರಿಗೆ ನಡೆದುಕೊಂಡು ಹೋದೆವು. ಅಲ್ಲಿ ಕೌಂಟಿವಾರು ಹಳೇ ಮತದಾರರ ಪಟ್ಟಿಗಳ ಮೈಕ್ರೋಫಿಲ್ಮ್ ಇದೆ. ಎರಡು ಗಂಟೆ ಕಣ್ಣು ಉರಿಯುವ ತನಕ ತಿರುಗಿಸಿದೆವು. ಮುತ್ತಜ್ಜ ಯಾವ ವರ್ಷವೂ ಇಲ್ಲ, ಮುತ್ತಜ್ಜಿಯೂ ಇಲ್ಲ. ಇರೋಕೆ ಸಾಧ್ಯವೇ ಇರಲಿಲ್ಲ. ಅವರಿಬ್ಬರೂ ಇಲ್ಲಿನ ಪೌರರಲ್ಲ. 1948ರ ಪಟ್ಟಿಯಲ್ಲಿ ಗೆಳತಿಯ ಅಜ್ಜಿ ಸಿಕ್ಕರು. 'ಮಿಸ್' ಅಂತ ಮುಂದೆ, ಸಿಂಗ್ ಅಂತ ಹಿಂದೆ. ಆಗ ಓಟಿನ ವಯಸ್ಸು 21. ಹುಟ್ಟಿದ್ದು 1926ರಲ್ಲಿ, ಲೆಕ್ಕ ಸರಿಯಾಯಿತು. ಆ ಮನೆಯಿಂದ ಓಟು ಹಾಕಿದ ಮೊದಲ ಮನುಷ್ಯ ಅವರೇ ಇರಬೇಕು.

ನಡುವೆ ಇನ್ನೊಂದು ಕಥೆ ನಡೆದಿತ್ತು. ಯಾರೋ ಹೇಳಿದ್ದನ್ನು ನಂಬಿ ಗೆಳತಿ ಬೇರೊಂದು ಕೌಂಟಿಗೆ ಅಂಚೆಯಲ್ಲಿ ಅರ್ಜಿ ಹಾಕಿದ್ದಳು. ದಾಖಲೆ ಇಲ್ಲ ಅಂತ ಚೆಂದದ ಸರ್ಟಿಫಿಕೇಟ್ ಒಂದು ಬಂತು. ಹಣ ವಾಪಸ್ ಬರಲ್ಲ, ಹುಡುಕಿದ್ದಕ್ಕೇ ಶುಲ್ಕ. ಇಲ್ಲ ಅನ್ನುವುದಕ್ಕೂ ಸೀಲು ಹಾಕಿ ಕೊಡುತ್ತಾರೆ ಅಂತ ನನಗೆ ಗೊತ್ತಿರಲಿಲ್ಲ.

ಎಲ್ ಸೆಂಟ್ರೋಗೆ ಹೋಗುವ ದಾರಿಯಲ್ಲಿ ಬ್ರಾಲಿ ಅನ್ನುವ ಊರು ದಾಟಿದಮೇಲೆ ಒಂದು ಸಕ್ಕರೆ ಕಾರ್ಖಾನೆ ಬಂತು. ಅದರ ಎತ್ತರದ ಗೋಪುರದ ಮೇಲೆ, ತಲೆ ಎತ್ತಿ ನೋಡುವಷ್ಟು ಮೇಲೆ, 'ಸೀ ಲೆವೆಲ್' ಅಂತ ಬರೆದಿತ್ತು. ಸಮುದ್ರದ ಮಟ್ಟ ಅಲ್ಲಿ, ನಾವು ಇಲ್ಲಿ ಕೆಳಗೆ! ಫೆಬ್ರವರಿ ಆಗಿದ್ದರಿಂದ ಬಿಸಿಲು ಹಿತವಾಗಿತ್ತು, ಎರಡೂ ಕಡೆ ಲೆಟ್ಯೂಸ್ ಹೊಲಗಳು. ಬೇಸಿಗೆಯಲ್ಲಿ ಇಲ್ಲಿ 45 ಡಿಗ್ರಿ ದಾಟುತ್ತದೆ. ಪಂಜಾಬಿನ ರೈತರಿಗೆ ಈ ಕಾಲುವೆ, ಈ ಬಯಲು, ಈ ಬಿಸಿಲು ಹೊಸದೇನೂ ಅನ್ನಿಸಿರಲಿಕ್ಕಿಲ್ಲ. ಊರಿಂದ ಹೆಂಡತಿಯನ್ನು ಕರೆತರುವ ದಾರಿಯನ್ನು 1917ರ ವಲಸೆ ಕಾನೂನು ಮುಚ್ಚಿತ್ತು. ಹೊಲದಲ್ಲಿ ಜೊತೆಗೆ ಹತ್ತಿ ಬಿಡಿಸುತ್ತಿದ್ದ ಮೆಕ್ಸಿಕನ್ ಕುಟುಂಬಗಳ ಹುಡುಗಿಯರನ್ನು ಅವರು ಮದುವೆಯಾದರು. ಇಂಥ ನೂರಾರು ಜೋಡಿಗಳು ಈ ಕಡೆ ಇದ್ದವು.

ಮೇನ್ ಸ್ಟ್ರೀಟಿನಲ್ಲಿ ಒಂದು ಕಡೆ ಕಂಬಗಳ ಹಳೇ ಕೋರ್ಟು, ಎದುರಿಗೆ ಕೌಂಟಿ ಆಡಳಿತ ಕಚೇರಿ. ರೆಕಾರ್ಡರ್ ಕಿಟಕಿಯಲ್ಲಿ ವಯಸ್ಸಾದ ಗುಮಾಸ್ತರೊಬ್ಬರು ಸೂಚಿ ತೆರೆದರು. ಸಿಂಗ್ ಅಡಿಯಲ್ಲಿ ನೋಡಿ ಅಂದೆವು. ಅವರು ಕನ್ನಡಕದ ಮೇಲಿಂದ ನಮ್ಮನ್ನು ನೋಡಿ, "ಸಿಂಗ್ ತುಂಬಾ ಜನ ಇದ್ದಾರೆ, ಹುಡುಗಿಯ ಹೆಸರು ಹೇಳಿ" ಅಂದರು. ಎಷ್ಟು ಸುಲಭದ ವಿಷಯ! ಆದರೆ ಹುಡುಗಿಯ ಹೆಸರಲ್ಲೂ ಸಿಗಲಿಲ್ಲ. ಸ್ಪ್ಯಾನಿಷ್ ಪದ್ಧತಿಯಲ್ಲಿ ಅಪ್ಪನ ಮನೆತನದ ಹೆಸರು, ಆಮೇಲೆ ಅಮ್ಮನದು. ಕೊನೆಯದೇ ಮನೆತನ ಅಂದುಕೊಂಡು ಅವತ್ತಿನ ಗುಮಾಸ್ತ ಅಮ್ಮನ ಹೆಸರಿನಡಿ ಸೇರಿಸಿಬಿಟ್ಟಿದ್ದ. ಇವರು ಅದನ್ನೂ ಊಹಿಸಿ ತೆಗೆದರು. 1923.

ಆ ಹಾಳೆಯನ್ನು ನಾವು ಎಷ್ಟು ಹೊತ್ತು ನೋಡಿದೆವೋ. ಬಣ್ಣ ಅಥವಾ ಜನಾಂಗ ಅನ್ನುವ ಕಡೆ ಇಬ್ಬರಿಗೂ 'ಬ್ರೌನ್'. ಇದರ ಹಿಂದೆ ಒಂದು ಜಾಣತನ ಇದೆ. ಬಿಳಿಯರು ಬೇರೆ ಕೆಲವು ಜನಾಂಗದವರನ್ನು ಮದುವೆಯಾಗಬಾರದು ಅಂತ ಕ್ಯಾಲಿಫೋರ್ನಿಯಾದಲ್ಲಿ ಕಾನೂನಿತ್ತು. 1948ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಹೊಡೆದುಹಾಕಿತು. ಅಲ್ಲಿಯ ತನಕ ಕಿಟಕಿಯ ಹಿಂದೆ ಕೂತವನ ಕಣ್ಣಿಗೆ ಕಂಡಿದ್ದೇ ಬಣ್ಣ. ಇಬ್ಬರೂ ಒಂದೇ ಅಂತ ಬರೆದರೆ ತಕರಾರಿಲ್ಲ.

ಕೆಳಗೆ ಅಪ್ಪಂದಿರ ಹೆಸರು, ಅಮ್ಮಂದಿರ ಹೆಸರು. ಮುತ್ತಜ್ಜನ ತಾಯಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇಲ್ಲಿತ್ತು. ಎರಡನೇ ಪದವನ್ನು ಇಂಗ್ಲಿಷಿನಲ್ಲಿ 'ಕೋರ್' ಅಂತ ಬರೆದಿದ್ದರು. ಗೆಳತಿ ಅದನ್ನು ಮನೆತನದ ಹೆಸರು ಅಂತ ಬರೆದುಕೊಳ್ಳುತ್ತಿದ್ದಳು. "ಅದು ಕೋರ್ ಅಲ್ಲ, ಕೌರ್. ಅವರಲ್ಲಿ ಹೆಂಗಸರ ಹೆಸರಿಗೆ ಸೇರಿಸುತ್ತಾರೆ" ಅಂದೆ. ಗುರುಮುಖಿ ಓದಲು ಬಾರದ ನಾನು ಕೊನೆಗೂ ಒಂದು ಕೆಲಸಕ್ಕೆ ಬಂದೆ.

ನನಗೆ ಆಗ ಗದಗಿನ ಕಡೆಯ ನಮ್ಮ ಮನೆ ನೆನಪಾಯಿತು. ಸುಗ್ಗಿ ಮುಗಿದಮೇಲೆ ಹೆಳವರು ಬರುತ್ತಿದ್ದರು. "ಹೆಳವ ಬಂದಾನ, ಜ್ವಾಳ ತಗೊಂಬಾ" ಅಂತ ಅಜ್ಜಿ ಕೂಗುತ್ತಿದ್ದಳು. ಎತ್ತಿನ ಮೇಲೆ ಕೂತ ಆತ ನಮ್ಮ ಮನೆತನದ ತಲೆಮಾರುಗಳನ್ನು ಒಂದೇ ಉಸಿರಿಗೆ ಹೇಳುತ್ತಿದ್ದ. ಯಾವ ಊರಿಂದ ಬಂದೆವು, ಯಾರ ಮಗ ಯಾರು. ಅದರಲ್ಲಿ ಒಂದು ಹೆಂಗಸಿನ ಹೆಸರು ಕೇಳಿದ ನೆನಪು ನನಗಿಲ್ಲ. ಜೋಳ ಕೊಡುತ್ತಿದ್ದವಳು ಮಾತ್ರ ಅಜ್ಜಿ.

ಮದುವೆ ಪತ್ರದ ಪ್ರತಿ ಕೈಗೆ ಬಂತು. ಅದರ ಮೇಲೆ ದಪ್ಪ ಅಕ್ಷರದಲ್ಲಿ, ಇದು ಮಾಹಿತಿಗೆ ಮಾತ್ರ, ಗುರುತು ಸಾಬೀತು ಮಾಡಲು ನಡೆಯುವುದಿಲ್ಲ ಅಂತ ಅಚ್ಚಾಗಿತ್ತು. ಅಧಿಕೃತ ಪ್ರತಿ ಮಗ, ಮಗಳು, ಮೊಮ್ಮಕ್ಕಳಂಥ ಹತ್ತಿರದವರಿಗೆ ಮಾತ್ರ. ಮರಿಮಗಳು ಆ ಪಟ್ಟಿಯಲ್ಲಿಲ್ಲ.

ಮರುದಿನ ಜಮೀನಿನ ಪುಸ್ತಕ. ಕೊಟ್ಟವರ ಸೂಚಿ ಒಂದು, ಪಡೆದವರದು ಇನ್ನೊಂದು. ಮುತ್ತಜ್ಜ ಯಾವುದರಲ್ಲೂ ಇಲ್ಲ. ಆದರೆ ಅವರು ಸಾಯುವ ತನಕ 'ನಮ್ಮ ಹೊಲ' ಅನ್ನುತ್ತಿದ್ದರಂತೆ. ಸುಳ್ಳು ಹೇಳಿದರಾ? ಪೌರರಾಗಲು ಅರ್ಹತೆ ಇಲ್ಲದ ವಿದೇಶಿಗಳು ಜಮೀನು ಕೊಳ್ಳಬಾರದು ಅಂತ 1913ರಲ್ಲೇ ಕಾನೂನು ಬಂದಿತ್ತು. 1920ರಲ್ಲಿ ಗುತ್ತಿಗೆಗೂ ತಡೆ ಬಿತ್ತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಭಾರತೀಯರೂ ಆ ಗುಂಪಿನವರೇ ಅಂದಿತು. ಅದೇ 1923, ಇವರು ಮದುವೆಯಾದ ವರ್ಷ.

ಅದೇ ಗುಮಾಸ್ತರು, "ಮಕ್ಕಳ ಹೆಸರಲ್ಲಿ ನೋಡಿದಿರಾ?" ಅಂದರು. ನೋಡಿದೆವು. 1934ರಲ್ಲಿ 40 ಎಕರೆ, ಪಡೆದವರ ಜಾಗದಲ್ಲಿ ಎಂಟು ವರ್ಷದ ಅಜ್ಜಿ! ಇಲ್ಲೇ ಹುಟ್ಟಿದ ಮಗು ಇಲ್ಲಿನ ಪೌರ, ಅವಳಿಗೆ ಆ ಕಾನೂನು ಮುಟ್ಟಲ್ಲ. ಎಳೆ ಮಗುವಿನ ಜಮೀನು ಅಂದಮೇಲೆ ಪೋಷಕ ಬೇಕು, ಪೋಷಕ ಕೋರ್ಟಿಗೆ ಲೆಕ್ಕ ಕೊಡಬೇಕು. ಹಾಗಾಗಿ ರಸ್ತೆ ದಾಟಿ ಕೋರ್ಟಿಗೆ ಓಡಿದೆವು. ಕಡತಕ್ಕೆ ಮೊದಲೇ ಕೇಳಿಕೊಳ್ಳಬೇಕಂತೆ, ಬೇರೆ ಕಡೆಯಿಂದ ತರಿಸುತ್ತಾರೆ. ಅರ್ಜಿ ಕೊಟ್ಟು ಬರಿಗೈಲಿ ಉತ್ತರಕ್ಕೆ ಹೊರಟೆವು.

ಮೂರು ವಾರ ಆದಮೇಲೆ ಪ್ರತಿಗಳು ಬಂದವು. ಅಷ್ಟರಲ್ಲಿ ನಾವು ಮತ್ತೆ ಓ ಸ್ಟ್ರೀಟಿನ ಪತ್ರಾಗಾರಕ್ಕೆ ಹೋಗಿದ್ದೆವು, ಈ ಸಲ ಸರಿಯಾದ ಪ್ರಶ್ನೆ ಹಿಡಿದು. ಯಾನೋ ಅನ್ನುವ ಜಪಾನಿ ಅಪ್ಪ ತನ್ನ ಪುಟ್ಟ ಮಗಳ ಜಮೀನಿಗೆ ತಾನೇ ಪೋಷಕನಾಗುತ್ತೇನೆ ಅಂತ 1922ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿದ್ದ. ಮುತ್ತಜ್ಜನಂಥವರಿಗೆ ದಾರಿ ಬಿಟ್ಟುಕೊಟ್ಟಿದ್ದು ಆ ಕೇಸು. "ಓ, ಜೈಲಿಗೆ ಹೋಗದವರು" ಅಂತ ಆ ಮಹಿಳೆ ಗುರುತು ಹಿಡಿದರು.

ಎಲ್ ಸೆಂಟ್ರೋದ ಕಡತ ಒಟ್ಟು 31 ಹಾಳೆ. ಶನಿವಾರ ನಮ್ಮನೆ ಊಟದ ಮೇಜಿನ ಮೇಲೆ ಹರಡಿಕೊಂಡೆವು. ಪ್ರತಿ ವರ್ಷದ ಆದಾಯ, ಖರ್ಚು. ಲೆಟ್ಯೂಸ್ ಮಾರಿದ್ದು, ನೀರಿನ ಹಣ, ಹೇಸರಗತ್ತೆಗೆ ಮೇವು. ಮುತ್ತಜ್ಜ ಪ್ರತಿ ಲೆಕ್ಕದ ಕೆಳಗೆ ಸಹಿ ಮಾಡಿದ್ದರು. ಎರಡು ವರ್ಷ ಇಂಗ್ಲಿಷಿನಲ್ಲಿ, ಆಮೇಲೆ ಗುರುಮುಖಿಯಲ್ಲಿ. ಗೆಳತಿ ಫೋಟೋ ತಿರುಗಿಸಿ ಪಕ್ಕಕ್ಕಿಟ್ಟಳು. ಅದೇ ಸಹಿ.

1936ರ ಖರ್ಚಿನಲ್ಲಿ ಒಂದು ಸಾಲು: ಮಗುವಿಗೆ ಶೂ, ಒಂದು ಜೊತೆ. ಜಮೀನಿನ ಆದಾಯದಿಂದ ಒಡತಿಗೆ ಶೂ ಕೊಡಿಸಿದ್ದಕ್ಕೆ ಅಪ್ಪ ಜಡ್ಜಿಗೆ ಲೆಕ್ಕ ಒಪ್ಪಿಸಿದ್ದ. ಗೆಳತಿ ಅಮ್ಮನಿಗೆ ಫೋನ್ ಮಾಡಿ ಓದಿ ಹೇಳಿದಳು. ಆ ಕಡೆಯಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅವರು ಕೇಳಿದ್ದು ಒಂದೇ: "ಯಾವ ಬಣ್ಣದ್ದು ಅಂತ ಬರೆದಿದ್ದಾರಾ?"

ಬರೆದಿರಲಿಲ್ಲ.